ಗಡಸು ನೀರು ಮತ್ತು ಮನೆಯ ಸಾಬೂನು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ಮೊದಲು ನೆನಪಾದುದು ದೊಡ್ಡ ದೊಡ್ಡ ವಿಷಯಗಳೇ. ಆದರೆ ಇದೇ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತು, ಮುಂದೆ ಹಲವು ವರ್ಷ ರಸಾಯನಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದ ನನಗೆ, ನಮ್ಮ ಬಚ್ಚಲುಮನೆಯಲ್ಲೇ ಇರುವ ಒಂದು ಸಮಸ್ಯೆಯನ್ನು ಕುರಿತು ಬರೆಯುವುದು ಹೆಚ್ಚು ಉಚಿತವೆನಿಸಿತು. ಅದಕ್ಕೆ ಕಾರಣವೂ ಉಂಟು. ಪಾಠ ಹೇಳಿದ ವಿಷಯವನ್ನೇ ಬಾಳಿನಲ್ಲಿ ಗುರುತಿಸದೆ ಹೋದ ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯೂ ಅವಳ ಓಣಿಯ ನಾಲ್ವರು ಹೆಣ್ಣುಮಕ್ಕಳೂ ಸೇರಿ ಮನೆಯಲ್ಲಿಯೇ ಸಾಬೂನು ತಯಾರಿಸಿ ಮಾರತೊಡಗಿದರು. ಕೊಬ್ಬರಿ ಎಣ್ಣೆ ಮತ್ತು ನಮ್ಮ ಸೀಮೆಯ ಶೇಂಗಾ ಎಣ್ಣೆಯಿಂದ ಮಾಡಿದ ಸಾಬೂನು ನೋಡಲು ಅಂದವಾಗಿತ್ತು. ಎರಡು ತಿಂಗಳಲ್ಲೇ ದೂರುಗಳು ಬಂದವು. ಕೂದಲು ಅಂಟಂಟಾಗುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿಯ ಪದರ ಕೂರುತ್ತದೆ, ಸೋಪಿಗೆ ಸುಣ್ಣ ಬೆರೆಸಿದ್ದಾರೆ ಎಂದು ಜನ ಆಡಿಕೊಂಡರು. "ಅಣ್ಣಾ, ಎಣ್ಣೀನೂ ಒಳ್ಳೇದೇ ಹಾಕೀನಿ, ತೂಕಾನೂ ಸರಿಯಾಗಿ ಮಾಡೀನಿ. ಇನ್ನೇನು ತಪ್ಪು ಮಾಡೀನಿ, ನೀನೇ ಹೇಳು" ಎಂದು ಅವಳು ಕಣ್ಣು ತುಂಬಿಕೊಂಡು ಕೇಳಿದಳು. ನಾನು ವಿಚಾರಿಸದೆ, ಕಾಸ್ಟಿಕ್ ಸೋಡಾ ಹೆಚ್ಚಾಗಿರಬೇಕು ಎಂದುಬಿಟ್ಟೆ. ಅವಳು ಕೆಲಸ ನಿಲ್ಲಿಸಿದಳು.

ಆ ವಾರವೇ ಮಳೆ ಬಂದಿತು. ಮಾಳಿಗೆಯಿಂದ ಇಳಿದ ನೀರು ತುಂಬಿದ್ದ ಕೊಡದಲ್ಲಿ ಅದೇ ಸಾಬೂನಿನಿಂದ ಕೈ ತೊಳೆದೆ. ಬೆಣ್ಣೆಯಂತಹ ನೊರೆ ಬಂದಿತು, ಪದರವಿಲ್ಲ, ಅಂಟಿಲ್ಲ. ತಪ್ಪು ಸಾಬೂನಿನದಾಗಿರಲಿಲ್ಲ, ತಂಗಿಯದೂ ಆಗಿರಲಿಲ್ಲ. ನಮ್ಮ ಕೊಳವೆ ಬಾವಿಯ ನೀರಿನಲ್ಲಿ ಸುಣ್ಣ ಮೊದಲೇ ಇದ್ದಿತು.

ಗಷ್ಟು ಹೇಗೆ ಹುಟ್ಟುತ್ತದೆ?

ರಾಯದುರ್ಗ ಸೀಮೆಯು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತೆಂಬುದನ್ನು ಹಿರಿಯರು ಬಲ್ಲರು. ಆಡಳಿತ ಬದಲಾದರೂ ನೆಲದ ಗುಣ ಗಡಿಯ ಎರಡೂ ಕಡೆ ಒಂದೇ. ಮಳೆ ಕಡಿಮೆ, ನೆಲದಡಿ ಗಟ್ಟಿ ಕಲ್ಲು, ಮಣ್ಣಿನಲ್ಲಿ ಅಲ್ಲಲ್ಲಿ ಸುಣ್ಣದ ಹರಳು. ಇವುಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇಂತಹ ನೀರನ್ನೇ ಗಡಸು ನೀರು ಎನ್ನುತ್ತೇವೆ.

ಸಾಬೂನೆಂದರೆ ಎಣ್ಣೆಯಲ್ಲಿರುವ ಮೇದಾಮ್ಲಗಳ ಸೋಡಿಯಂ ಲವಣ. ಅದು ನೀರಿನಲ್ಲಿ ಕರಗುತ್ತದೆ, ಕರಗುವುದರಿಂದಲೇ ನೊರೆ ಬಂದು ಕೊಳೆ ಹೋಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಸೋಡಿಯಂನ ಸ್ಥಾನವನ್ನು ಆಕ್ರಮಿಸುತ್ತದೆ. ಆಗ ಉಂಟಾಗುವ ಕ್ಯಾಲ್ಸಿಯಂ ಸಾಬೂನು ಕರಗದೆ, ಒಡೆದ ಹಾಲಿನ ಚೂರುಗಳಂತೆ ತೇಲಿ, ಚರ್ಮಕ್ಕೂ ಕೂದಲಿಗೂ ಬಚ್ಚಲ ಕಲ್ಲಿಗೂ ಅಂಟುತ್ತದೆ. ಇದೇ ಆ ಬಿಳಿಯ ಗಷ್ಟು. ನೀರಿನ ಸುಣ್ಣವೆಲ್ಲ ಹೀಗೆ ತೀರುವವರೆಗೆ ನೊರೆ ನಿಲ್ಲುವುದಿಲ್ಲ. ಈ ಗುಣವನ್ನೇ ಬಳಸಿ, ಸಾಬೂನಿನ ದ್ರಾವಣದಿಂದ ನೀರಿನ ಗಡಸನ್ನು ಅಳೆಯುವ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ತಂದವನು ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್.

ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂವರೆಗೆ ಇರುವುದು ಅಪೇಕ್ಷಣೀಯ. ಬೇರೆ ನೀರಿಲ್ಲದಿದ್ದರೆ 600 ಮಿಲಿಗ್ರಾಂವರೆಗೂ ಒಪ್ಪಬಹುದು. 400 ಮಿಲಿಗ್ರಾಂ ಗಡಸಿರುವ 15 ಲೀಟರ್ ನೀರು, ಅಂದರೆ ಒಂದು ಬಕೆಟ್ಟು, ಪೂರ್ತಿಯಾಗಿ ಸಾಬೂನಿನೊಡನೆ ಬೆರೆತರೆ ಸುಮಾರು 30 ಗ್ರಾಂ ಸಾಬೂನನ್ನು ಗಷ್ಟಾಗಿಸಬಲ್ಲದು. ನೂರು ಗ್ರಾಂ ಬಿಲ್ಲೆಯ ಮೂರನೆಯ ಒಂದು ಭಾಗದಷ್ಟು ಕೊಳೆ ತೆಗೆಯದೆಯೇ ವ್ಯರ್ಥವಾದಂತಾಯಿತು.

ಕಾರ್ಖಾನೆಯ ಸಾಬೂನಿನಲ್ಲಿ ಈ ತೊಂದರೆ ಅಷ್ಟಾಗಿ ಕಾಣದಿರಲು ಕಾರಣ, ಹಲವು ತಯಾರಕರು ಅದರಲ್ಲಿ ಸುಣ್ಣವನ್ನು ಹಿಡಿದಿಡುವ ಇಡಿಟಿಎ ಎಂಬ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುವುದು. ಮನೆಯ ಸಾಬೂನಿನಲ್ಲಿ ಅದು ಇರುವುದಿಲ್ಲ. ಇಡಿಟಿಎ ಮಣ್ಣು ನೀರುಗಳಲ್ಲಿ ಬೇಗ ಕೊಳೆಯದ ಕಾರಣ ಬಚ್ಚಲ ನೀರನ್ನು ಹಿತ್ತಲ ಗಿಡಗಳಿಗೆ ಬಿಡುವ ನಮಗೆ ಬೇರೊಂದು ಮಾರ್ಗ ಮೇಲು. ಅದೇ ನಿಂಬೆ ಉಪ್ಪು.

ನಿಂಬೆ ಉಪ್ಪಿನ ಉಪಾಯ

ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಮಾರುವ ಸಿಟ್ರಿಕ್ ಆಮ್ಲವನ್ನು ಸಾಬೂನು ಮಾಡುವಾಗಲೇ ಸೇರಿಸಿದರೆ ಅದು ಕಾಸ್ಟಿಕ್ ಸೋಡಾದೊಡನೆ ಕೂಡಿ ಸೋಡಿಯಂ ಸಿಟ್ರೇಟ್ ಆಗುತ್ತದೆ. ಈ ಸಿಟ್ರೇಟ್ ನೀರಿನ ಕ್ಯಾಲ್ಸಿಯಂ ಅನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟು ಸಾಬೂನಿನ ತಂಟೆಗೆ ಹೋಗದಂತೆ ತಡೆಯುತ್ತದೆ. ಎಣ್ಣೆಯ ತೂಕದ ನೂರಕ್ಕೆ 1ರಿಂದ 3 ಪಾಲು ಸಾಕು.

ಇಲ್ಲಿ ಅವಶ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆಮ್ಲವು ಕ್ಷಾರವನ್ನು ತಿನ್ನುತ್ತದೆ. ನೀರಿನ ಅಂಶವಿಲ್ಲದ 10 ಗ್ರಾಂ ಸಿಟ್ರಿಕ್ ಆಮ್ಲಕ್ಕೆ 6.2 ಗ್ರಾಂ ಕಾಸ್ಟಿಕ್ ಸೋಡಾ ಖರ್ಚಾಗುತ್ತದೆ. ಹರಳಿನಲ್ಲಿ ನೀರಿನ ಅಂಶವಿರುವ ಬಗೆಯಾದರೆ 5.7 ಗ್ರಾಂ. ಇಷ್ಟನ್ನು ಹೆಚ್ಚುವರಿಯಾಗಿ ಸೇರಿಸದಿದ್ದರೆ ಎಣ್ಣೆಯ ಪಾಲಿನ ಕ್ಷಾರ ಕಡಿಮೆಯಾಗಿ ಸಾಬೂನು ಮೆತ್ತಗೆ, ಜಿಡ್ಡಾಗಿ ಉಳಿಯುತ್ತದೆ. ನಮ್ಮ ಮೊದಲ ಪ್ರಯತ್ನ ಹೀಗೆಯೇ ಕೆಟ್ಟಿತು. ಆ ಲೆಕ್ಕ ಮರೆತವನು ನಾನೇ.

ಈಗ ತಂಗಿಯ ಮನೆಯಲ್ಲಿ ಬಳಸುತ್ತಿರುವ ಪ್ರಮಾಣ ಹೀಗಿದೆ: ಕೊಬ್ಬರಿ ಎಣ್ಣೆ 600 ಗ್ರಾಂ, ಶೇಂಗಾ ಎಣ್ಣೆ 400 ಗ್ರಾಂ, ನಿಂಬೆ ಉಪ್ಪು 20 ಗ್ರಾಂ, ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು 340 ಗ್ರಾಂ. ಈ ಎಣ್ಣೆಗಳಿಗೆ ಪೂರ್ತಿ ಬೇಕಾಗುವ ಕಾಸ್ಟಿಕ್ ಸೋಡಾ ಸುಮಾರು 164 ಗ್ರಾಂ. ಚರ್ಮಕ್ಕೆ ಉರಿಯಾಗದಂತೆ ನೂರಕ್ಕೆ 5ರಷ್ಟು ಕಡಿಮೆ ಮಾಡಿದರೆ 156 ಗ್ರಾಂ. ನಿಂಬೆ ಉಪ್ಪಿನ ಪಾಲಿಗೆ 12 ಗ್ರಾಂ ಕೂಡಿಸಿ ಒಟ್ಟು 168 ಗ್ರಾಂ. ಕೊಬ್ಬರಿ ಎಣ್ಣೆಯನ್ನು ಹೆಚ್ಚಾಗಿ ಬಳಸಿರುವುದಕ್ಕೂ ಕಾರಣವಿದೆ. ಅದರ ಸಾಬೂನು ಸುಲಭವಾಗಿ ಕರಗಿ ಸಮುದ್ರದ ನೀರಿನಲ್ಲಿ ಕೂಡ ನೊರೆ ಕೊಡುತ್ತದೆ.

ಮೊದಲು ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿಕೊಂಡು, ಆ ನೀರಿಗೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕದಡಬೇಕು. ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಸ್ಟೀಲಿನ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಕೂಡದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು, ತೆರೆದ ಕಿಟಕಿ ಕಡ್ಡಾಯ. ಮಕ್ಕಳು ಹತ್ತಿರವಿರಬಾರದು. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಬೇಕೇ ಹೊರತು ಲೋಟದಲ್ಲಿ ಅಳೆಯಬಾರದು. ದ್ರಾವಣ ಆರಿದ ಮೇಲೆ ಎಣ್ಣೆಗೆ ಬೆರೆಸಿ, ಗಟ್ಟಿಯಾಗುವವರೆಗೆ ಕದಡಿ, ಅಚ್ಚಿಗೆ ಹೊಯ್ದು, ಕತ್ತರಿಸಿ, ನಾಲ್ಕು ವಾರ ಗಾಳಿಗೆ ಒಣಗಿಸಬೇಕು.

ಎಷ್ಟು ನಿರೀಕ್ಷಿಸಬಹುದು?

ಇದರಿಂದ ಗಷ್ಟು ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಒಂದು ಸ್ನಾನಕ್ಕೆ 5 ಗ್ರಾಂ ಸಾಬೂನು ಸವೆಯುತ್ತದೆಂದು ಭಾವಿಸೋಣ. ಅದರಲ್ಲಿರುವ ಸಿಟ್ರೇಟ್, 400 ಮಿಲಿಗ್ರಾಂ ಗಡಸಿನ ನೀರಾದರೆ, ಹೆಚ್ಚೆಂದರೆ 100 ಮಿಲಿಲೀಟರ್, ಅಂದರೆ ಅರ್ಧ ಲೋಟ ನೀರಿನ ಸುಣ್ಣವನ್ನು ಹಿಡಿಯಬಲ್ಲದು. ಮೈಮೇಲೆ ನೊರೆ ಮಾಡುವಾಗಿನ ನೀರು ಸುಮಾರು ಅಷ್ಟೇ ಇರುವುದರಿಂದ ನೊರೆ ಚೆನ್ನಾಗಿ ಬರುತ್ತದೆ. ಅನಂತರ ಸುರಿದುಕೊಳ್ಳುವ ಬಕೆಟ್ಟು ನೀರನ್ನೆಲ್ಲ ಅದು ಮೆದುಗೊಳಿಸಲಾರದು. ಆದ್ದರಿಂದ ಮೈಯನ್ನು ಸ್ವಲ್ಪವೇ ತೋಯಿಸಿ ಸಾಬೂನು ಹಚ್ಚಿ, ಮೊದಲ ಎರಡು ತಂಬಿಗೆ ನೀರನ್ನಾದರೂ ಮೆದು ನೀರಿನಿಂದ ಸುರಿದುಕೊಂಡರೆ ಗಷ್ಟಾಗುವ ಸಾಬೂನು ಬಹುಪಾಲು ಮೊದಲೇ ಹರಿದುಹೋಗುತ್ತದೆ. ಮೆದು ನೀರಿಗೆ ಮಳೆನೀರೇ ಶ್ರೇಷ್ಠ.

ಕುದಿಸಿದ ನೀರು ಕೂಡ ಸ್ವಲ್ಪಮಟ್ಟಿಗೆ ಮೆದುವಾಗುತ್ತದೆ. ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರವನ್ನು ನಾವೆಲ್ಲ ಕಂಡಿದ್ದೇವೆ. ಬೈಕಾರ್ಬೊನೇಟ್ ರೂಪದ ಸುಣ್ಣವು ಕಾವಿಗೆ ಬೇರ್ಪಟ್ಟು ಹಾಗೆ ಕಟ್ಟುತ್ತದೆ. ಇದು ತಾತ್ಕಾಲಿಕ ಗಡಸು. ಸಲ್ಫೇಟ್, ಕ್ಲೋರೈಡ್‌ಗಳಿಂದಾದ ಶಾಶ್ವತ ಗಡಸು ಕುದಿಸಿದರೂ ಹೋಗುವುದಿಲ್ಲ.

ಹಿರಿಯರ ಜಾಣ್ಮೆ

ಈ ವಿಷಯವನ್ನು ತಿಳಿದ ಮೇಲೆ ನಮ್ಮ ಹಿರಿಯರ ಪದ್ಧತಿಗಳ ಅರ್ಥ ಹೊಳೆಯುತ್ತದೆ. ಅಗಸರು ಬಟ್ಟೆಗೆ ಚೌಳು ಮಣ್ಣನ್ನು ಬಳಸುತ್ತಿದ್ದರು. ಅದರಲ್ಲಿರುವ ಸೋಡಿಯಂ ಕಾರ್ಬೊನೇಟ್ ನೀರಿನ ಸುಣ್ಣವನ್ನು ಬೇರ್ಪಡಿಸಿ ತಳಕ್ಕಿಳಿಸುತ್ತದೆ. ಇಂದು ಒಂದು ಬಕೆಟ್ಟು ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಅರ್ಧ ಗಂಟೆ ಬಿಟ್ಟು ತಿಳಿಯನ್ನು ಬಗ್ಗಿಸಿಕೊಂಡು ಬಟ್ಟೆ ಒಗೆದರೆ ಅದೇ ಫಲ. ರೇಷ್ಮೆ, ಉಣ್ಣೆ ಬಟ್ಟೆಗಳಿಗೆ ಮತ್ತು ಸ್ನಾನಕ್ಕೆ ಇದು ಸಲ್ಲದು.

ತಲೆಗೆ ಸೀಗೆಕಾಯಿ, ಅಂಟುವಾಳ ಬಳಸುತ್ತಿದ್ದುದೂ ಹೀಗೆಯೇ. ಅವುಗಳ ನೊರೆ ಸಾಬೂನಿನಿಂದ ಬಂದುದಲ್ಲವಾದ್ದರಿಂದ ಅಂತಹ ಗಷ್ಟು ಕಟ್ಟುವುದಿಲ್ಲ. ಸಾಬೂನಿನಿಂದಲೇ ತಲೆ ತೊಳೆಯುವವರು ಕೊನೆಗೆ ಒಂದು ತಂಬಿಗೆ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ, ಕಣ್ಣಿಗೆ ತಾಗದಂತೆ ಕೂದಲಿಗೆ ಹಾಕಿಕೊಂಡು ತೊಳೆಯಬಹುದು. ಹುಳಿಯು ಗಷ್ಟನ್ನು ಒಡೆದು ಸುಣ್ಣವನ್ನು ಕರಗಿಸುತ್ತದೆ. ಬಚ್ಚಲ ಟೈಲ್ಸಿನ ಮೇಲಿನ ಪದರಕ್ಕೂ ನಿಂಬೆ ಉಪ್ಪಿನ ನೀರೇ ಮದ್ದು. ಆದರೆ ಕಡಪ ಕಲ್ಲು ಸ್ವತಃ ಸುಣ್ಣದ ಕಲ್ಲಾದ್ದರಿಂದ ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಯಾವ ಹುಳಿಯನ್ನೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ.

ನಿಮ್ಮ ಮನೆಯ ನೀರನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಎರಡು ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಿಸಿ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಲ್ಲಿಯ ನೀರು. ಎರಡಕ್ಕೂ ಒಂದೇ ಅಳತೆಯ ಸಾಬೂನಿನ ತುರಿ ಹಾಕಿ ಚೆನ್ನಾಗಿ ಕುಲುಕಿ. ನೊರೆಯ ಎತ್ತರವೂ ನೀರಿನ ಬಣ್ಣವೂ ಉತ್ತರ ಹೇಳುತ್ತವೆ. ಈ ಪ್ರಯೋಗವನ್ನು ನಮ್ಮ ಗುರುಗಳು ಇದೇ ಶಾಲೆಯ ಜಗುಲಿಯ ಮೇಲೆ ನಮ್ಮಿಂದ ಮಾಡಿಸಿದ್ದರು. "ಗಡಸು ನೀರು" ಎಂಬ ಪದವನ್ನು ನಾನು ಕಲಿತದ್ದು ಅಂದೇ. ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಪಡೆದೆ, ಮುಂದೆ ನೂರಾರು ಮಕ್ಕಳಿಗೆ ಬರೆಸಿದೆ. ತಂಗಿ ಸಾಬೂನು ಹಿಡಿದು ನಿಂತಾಗ ಮಾತ್ರ ಅದು ನೆನಪಾಗಲಿಲ್ಲ.

ಅವಳು ಈಗ ಮತ್ತೆ ಸಾಬೂನು ಮಾಡುತ್ತಿದ್ದಾಳೆ. ಬಳಸುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಬಿಲ್ಲೆಯ ಸುತ್ತ ಸುತ್ತಿ ಕೊಡುತ್ತಾಳೆ. ದೂರು ಹೇಳಿದ್ದವರಲ್ಲಿ ಕೆಲವರು ಮರಳಿ ಬಂದಿದ್ದಾರೆ, ಕೆಲವರು ಬಂದಿಲ್ಲ. ಮನೆಯ ಬದುಕಿಗೆ ಒದಗುವ ವಿದ್ಯೆಯನ್ನು ನಮ್ಮ ನುಡಿಯಲ್ಲೇ ಕಲಿಸಿದ ಈ ಶಾಲೆಯು ಇನ್ನೂ ನೂರ್ಕಾಲ ಬಾಳಲಿ, ಇಲ್ಲಿ ಕಲಿತ ಮಕ್ಕಳು ಕಲಿತದ್ದನ್ನು ನನಗಿಂತ ಬೇಗ ನೆನಪಿಸಿಕೊಳ್ಳಲಿ ಎಂದು ಹಾರೈಸಿ ವಿರಮಿಸುತ್ತೇನೆ.