ಗೋಡೆಯ ಮೇಲಿನ ಚೌಕ: ಜಿಎಸ್‌ಟಿ ಪಾಠಕ್ಕೊಂದು ಛಾಯಾಚಿತ್ರ

ಹತ್ತನೆಯ ತರಗತಿಗೆ ಸಾರ್ವಜನಿಕ ಹಣಕಾಸು ಪಾಠ ಮಾಡುವಾಗ ಪರೋಕ್ಷ ತೆರಿಗೆಯ ವ್ಯಾಖ್ಯೆಯನ್ನು ಮಕ್ಕಳು ಸುಲಭವಾಗಿ ಒಪ್ಪಿಸುತ್ತಾರೆ. ಅದೇ ತೆರಿಗೆ ತಮ್ಮ ಬೀದಿಯ ಅಂಗಡಿಗೆ ಹೇಗೆ ತಗಲುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ. ಬಸವನಗುಡಿಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಈ ಮೌನ ಮುರಿಯಲು ನಾನು ಬಳಸಿದ ಪಾಠೋಪಕರಣ ಒಂದು ಛಾಯಾಚಿತ್ರ.

ಹಿನ್ನೆಲೆ ಇಷ್ಟು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ, ‘ನೋ ಯುಪಿಐ, ಓನ್ಲಿ ಕ್ಯಾಷ್’ ಎಂಬ ಕೈಬರಹದ ರಟ್ಟು ಬಂತು. ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ಆಗ ತೆಗೆದ ಚಿತ್ರದಲ್ಲಿ ಮನುಷ್ಯರಿಲ್ಲ. ಸ್ಟಿಕ್ಕರ್ ಕೆರೆದು ತೆಗೆದ ಜಾಗದಲ್ಲಿ ಉಳಿದ ಬಿಳಿಚಿದ ಚೌಕ, ಅದರ ಕೆಳಗೆ ಆ ರಟ್ಟು, ಅಷ್ಟೆ. ಅಂಗಡಿಯವರನ್ನು ಕೇಳಿಯೇ ತೆಗೆದದ್ದು. ಹೆಸರಿನ ಫಲಕವನ್ನು ಚಿತ್ರದಿಂದ ಕತ್ತರಿಸಿದ್ದೆ. ತರಗತಿಯಲ್ಲಿ ಅಂಗಡಿಯವರ ಮಕ್ಕಳೇ ಹಲವರಿದ್ದಾರೆ. ಅವರ ಮನೆಯ ಆತಂಕ ಉಳಿದವರಿಗೆ ತಮಾಷೆಯಾಗಬಾರದು.

ಪ್ರೇರಣೆಯ ಹಂತದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಈ ಅಂಗಡಿಯವರು ಏನು ತಪ್ಪಿಸಿಕೊಳ್ಳುತ್ತಿದ್ದಾರೆ? ‘ಟ್ಯಾಕ್ಸು’ ಎಂದು ಅರ್ಧ ತರಗತಿ ಕೂಗಿತು. ‘ನೋಟಿಸು’ ಎಂದಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು. ಈ ಎರಡು ಉತ್ತರಗಳ ನಡುವಿನ ಅಂತರವೇ ಅಂದಿನ ಪಾಠವಾಯಿತು.

ಕಪ್ಪುಹಲಗೆಯ ಮೇಲೆ ಒಂದು ದಿನಸಿ ಅಂಗಡಿಯ ಲೆಕ್ಕ ಹಾಕಿದೆವು. ದಿನಕ್ಕೆ 12,000 ರೂಪಾಯಿ ವ್ಯಾಪಾರ, ವರ್ಷಕ್ಕೆ 350 ದಿನ. ಒಟ್ಟು 42 ಲಕ್ಷ. ‘ಲಕ್ಷಾಧೀಶ್ವರರು!’ ಎಂದ ಒಬ್ಬ. ನೂರಕ್ಕೆ 8 ರೂಪಾಯಿ ಲಾಭವೆಂದು ಇಟ್ಟುಕೊಳ್ಳಿ ಎಂದೆ. ವರ್ಷಕ್ಕೆ 3,36,000, ತಿಂಗಳಿಗೆ 28,000. ಸದ್ದು ಅಡಗಿತು. ವಹಿವಾಟು ಬೇರೆ, ಲಾಭ ಬೇರೆ ಎಂಬುದನ್ನು ನಾನು ಮತ್ತೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ನಿಂತಿರುವುದು ವಹಿವಾಟಿನ ಮೇಲೆ: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ. ನಮ್ಮ ಕಪ್ಪುಹಲಗೆಯ ಅಂಗಡಿ ಮಿತಿ ದಾಟಿದೆ. ಹಾಗಾದರೆ ಮುಳುಗಿತೇ? ಇಲ್ಲ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ, ದರ ಶೇ 1. ಮಾರಿದ್ದೆಲ್ಲ ತೆರಿಗೆಯ ಸರಕೇ ಆಗಿದ್ದರೂ 42,000 ರೂಪಾಯಿ. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸು ಸಿಗುವುದೂ ಇಲ್ಲ. 28,000ದ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಒಂದೂವರೆ ತಿಂಗಳ ಲಾಭ.

ಇನ್ನು ಯಂತ್ರಗಳ ವಿಷಯ. 2016ರಲ್ಲಿ ಶುರುವಾದ ಯುಪಿಐ ‘ನಲವತ್ತು ರೂಪಾಯಿ ಬಂದಿದೆ’ ಎಂದು ಕೂಗಿ ಹೇಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂಬುದೂ ದಾಖಲಾಗುತ್ತದೆ. ಯಾತಕ್ಕೆ ಬಂತು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ಆ ನಲವತ್ತು ರೂಪಾಯಿ ಸೋಪಿನದೋ, ಸೊಪ್ಪಿನದೋ, ಭಾವಮೈದುನ ತೀರಿಸಿದ ಕೈಸಾಲದ್ದೋ? 1986ರಲ್ಲಿ ಶುರುವಾಗಿ ಬೆಂಗಳೂರಿನಲ್ಲೇ ನೆಲೆ ನಿಂತ ಕಂಪನಿಯ ಟ್ಯಾಲಿ ತಂತ್ರಾಂಶ ಹಾಗಲ್ಲ. ಸರಕಿನ ಹೆಸರು, ಪ್ರಮಾಣ, ತೆರಿಗೆ ದರ ಎಲ್ಲವನ್ನೂ ತುಂಬಿದರೇ ಬಿಲ್ಲು ಬರುತ್ತದೆ. ಮೊದಲನೆಯದು ಹಣದ ಲೆಕ್ಕ, ಎರಡನೆಯದು ಸರಕಿನ ಲೆಕ್ಕ. ದೊಡ್ಡ ಅಂಗಡಿಗೆ ಎರಡೂ ಇವೆ. ಚಿಕ್ಕ ಅಂಗಡಿಗೆ ಸರ್ಕಾರ ಓದಬಲ್ಲದ್ದು ಮೊದಲನೆಯದು ಮಾತ್ರ. ಎರಡನೆಯದು ಅಂಗಡಿಯವರ ತಲೆಯಲ್ಲಿದೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟುವಂತೆ ನೋಟಿಸ್ ಹೋದದ್ದು ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಹಣದ ಲೆಕ್ಕ ಆ ಮಾತನ್ನು ಹೇಳಲಾರದು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿ ಸಂಘಗಳ ಸಭೆ ಕರೆದು, ವಿನಾಯಿತಿ ಸರಕಿನವರ ಮೇಲೆ ಕ್ರಮವಿಲ್ಲ, ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದರು.

ಛಾಯಾಚಿತ್ರವೂ ಯುಪಿಐ ದಾಖಲೆಯಂಥದ್ದೇ ಎಂದು ಇಲ್ಲಿ ತೋರಿಸಬಹುದು. ರಟ್ಟನ್ನು ಅದು ಹಿಡಿದಿದೆ, ಕಾರಣವನ್ನು ಹಿಡಿದಿಲ್ಲ. ‘ಈ ಚಿತ್ರ ಹೇಳದೆ ಬಿಟ್ಟದ್ದೇನು?’ ಎಂದು ಮಕ್ಕಳಿಂದ ಬರೆಸಿದೆ. ‘ಒಳಗೆ ಏನು ಮಾರುತ್ತಾರೆ ಅಂತ’ ಎಂದು ನಾಲ್ವರು ಬರೆದಿದ್ದರು. ಅದಕ್ಕಿಂತ ಒಳ್ಳೆಯ ಮೌಲ್ಯಮಾಪನ ನನಗೆ ಬೇಕಿರಲಿಲ್ಲ.

ಹಿಂದಿನ ಬೆಂಚಿನ ಆ ಹುಡುಗಿ ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದಳು. ‘ಮಿಸ್, ನಮ್ಮಮ್ಮ ಸೊಪ್ಪು ಮಾರ್ತಾರೆ. ನಾವು ಸ್ಕ್ಯಾನರ್ ತೆಗೀಬೇಕಾ?’ ಬೇಡ ಎಂದೆ. ಸೊಪ್ಪು, ತರಕಾರಿಯಂಥ ವಿನಾಯಿತಿ ಸರಕನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಕಡ್ಡಾಯವಲ್ಲ. ‘ಉಪ್ಪಿನಕಾಯಿ ಪ್ಯಾಕೆಟ್ಟೂ ಇಡ್ತಾರೆ’ ಎಂದಳು. ಅಲ್ಲಿಗೆ ಲೆಕ್ಕ ಬದಲಾಗುತ್ತದೆ. ಉಪ್ಪಿನಕಾಯಿ ತೆರಿಗೆಯ ಸರಕು. ಅದನ್ನು ಸೇರಿಸಿದೊಡನೆ 40 ಲಕ್ಷದ ಮಿತಿಗೆ ಸೊಪ್ಪಿನ ದುಡ್ಡೂ ಎಣಿಕೆಯಾಗುತ್ತದೆ. ಆದರೆ ಮಿತಿ ದಾಟಿದರೂ ಸೊಪ್ಪಿನ ಮೇಲೆ ತೆರಿಗೆ ಬೀಳುವುದಿಲ್ಲ. ದಿನಕ್ಕೆ ಎಷ್ಟು ವ್ಯಾಪಾರವಾಗುತ್ತದೆ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿ, ಮಿತಿಯಿಂದ ಬಹಳ ದೂರವಿರುವ ಒಂದು ಅಂಕಿ ಹೇಳಿದಳು. ಎರಡು ಕಂಬಸಾಲಿನ ಒಂದು ಹಾಳೆ ಗೆರೆ ಹಾಕಿ ಕೊಟ್ಟೆ: ಎಡಕ್ಕೆ ಸೊಪ್ಪು, ಬಲಕ್ಕೆ ಉಪ್ಪಿನಕಾಯಿ. ಸಂಜೆ ಅಮ್ಮನ ಜೊತೆ ಕೂತು ತುಂಬುತ್ತೇನೆ ಎಂದಳು.