‘ನಿಮ್ಮ ಬಗ್ಗೆ ಬರೆಯಿರಿ’ ಎಂದಾಗ

ಅಮೆರಿಕದ ಕಾಲೇಜುಗಳಲ್ಲಿ ಎಂಜಿನಿಯರಿಂಗ್‌ಗೆ ಸೇರಿದವರೂ ನರ್ಸಿಂಗ್‌ಗೆ ಸೇರಿದವರೂ ಸಾಮಾನ್ಯವಾಗಿ ಮೊದಲ ವರ್ಷ ಒಂದು ಬರವಣಿಗೆ ತರಗತಿಯಲ್ಲಿ ಕೂರಲೇಬೇಕು. ಅದರ ಹೆಸರು ಕಾಂಪೊಸಿಷನ್. 1885ರಲ್ಲಿ ಹಾರ್ವರ್ಡ್ ಇದನ್ನು ಹೊಸ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿತು, ಉಳಿದವರು ಅದೇ ದಾರಿ ಹಿಡಿದರು. ಬಹುಕಾಲ ಅಲ್ಲಿ ನಡೆದದ್ದು ಕಾಗುಣಿತ, ವ್ಯಾಕರಣ ತಿದ್ದುವ ಕೆಲಸ.

1960ರ ದಶಕದ ಕೊನೆಯಿಂದ ಗಾಳಿ ಬದಲಾಯಿತು. ವಿದ್ಯಾರ್ಥಿ ತನ್ನ ಅನುಭವವನ್ನು ತನ್ನ ದನಿಯಲ್ಲಿ ಬರೆಯಲಿ ಎಂದು ಅನೇಕ ಅಧ್ಯಾಪಕರು ಬಯಸಿದರು. ಉದ್ದೇಶ ಒಳ್ಳೆಯದೇ. ಆದರೆ ‘ನಿಮಗೆ ತೀರಾ ಹತ್ತಿರದವರ ಬಗ್ಗೆ ಬರೆಯಿರಿ’ ಎಂದಾಗ, ಹುಡುಗಿಯೊಬ್ಬಳನ್ನು ಪ್ರೀತಿಸುವ ಹುಡುಗಿ ಏನು ಬರೆಯಬೇಕು? ‘ಅವಳು’ ಇದ್ದಲ್ಲಿ ‘ಅವನು’ ಎಂದು ಬರೆದು ಅಂಕ ಪಡೆಯಬಹುದು. ನಿಜ ಬರೆದರೆ ಅದನ್ನು ಪಕ್ಕದಲ್ಲಿ ಕೂತವರು ಓದುತ್ತಾರೆ, ಚರ್ಚೆ ಮಾಡುತ್ತಾರೆ. ಪ್ರಾಮಾಣಿಕವಾಗಿ ಬರೆಯಿರಿ ಎಂಬ ಸೂಚನೆ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ.

ಈ ಮೌನವನ್ನು ಮೊದಲು ಮುರಿದವರಲ್ಲಿ ಲೂಯಿ ಕ್ರೂ ಮತ್ತು ರಿಕ್ಟರ್ ನಾರ್ಟನ್ ಮುಖ್ಯರು. ಇಂಗ್ಲಿಷ್ ಅಧ್ಯಾಪಕರ ‘ಕಾಲೇಜ್ ಇಂಗ್ಲಿಷ್’ ಪತ್ರಿಕೆಯ 1974ರ ನವೆಂಬರ್ ಸಂಚಿಕೆಯನ್ನು ಅವರು ಸಲಿಂಗಿಗಳ ಕಲ್ಪನಾಲೋಕಕ್ಕೇ ಮೀಸಲಿಟ್ಟರು. ಆ ಕಾಲಕ್ಕೆ ಅದು ಎದೆಗಾರಿಕೆಯ ಕೆಲಸ. ಆದರೂ ಬರವಣಿಗೆ ಕಲಿಸುವವರ ನಡುವೆ ಮುಂದಿನ ಹದಿನೈದು ವರ್ಷ ಈ ಮಾತು ಹೆಚ್ಚು ಬೆಳೆಯಲಿಲ್ಲ.

1990ರಲ್ಲಿ ಸಾಂಟಾ ಕ್ರೂಜ್‌ನ ವಿಚಾರಗೋಷ್ಠಿಯೊಂದರಲ್ಲಿ ತೆರೆಸಾ ಡಿ ಲಾರೆಟಿಸ್ ‘ಕ್ವಿಯರ್ ಥಿಯರಿ’ ಎಂಬ ಹೆಸರನ್ನು ಚಾಲ್ತಿಗೆ ತಂದರು (ಕ್ವಿಯರ್ ಅಂದರೆ ಲಿಂಗ, ಲೈಂಗಿಕತೆಗಳ ರೂಢಿಗೆ ಹೊಂದದ್ದು). ಜುಡಿತ್ ಬಟ್ಲರ್ ಮತ್ತು ಈವ್ ಸೆಡ್ಜ್‌ವಿಕ್ ಅವರ ಪ್ರಸಿದ್ಧ ಪುಸ್ತಕಗಳು ಬಂದದ್ದೂ ಅದೇ ವರ್ಷ. ಗಂಡು-ಹೆಣ್ಣು, ಸಹಜ-ಅಸಹಜ ಎಂಬ ವಿಂಗಡಣೆಗಳು ಹುಟ್ಟಿನಿಂದ ಬಂದವಲ್ಲ, ಮಾತು-ನಡತೆಗಳಲ್ಲಿ ಮತ್ತೆ ಮತ್ತೆ ಕಟ್ಟಿಕೊಂಡವು ಎಂಬುದು ಈ ಚಿಂತನೆಯ ತಿರುಳು. ಮಾತು ಏನು ಮಾಡುತ್ತದೆ ಎಂಬುದೇ, ಬರವಣಿಗೆ ತರಗತಿಗಳ ಬೆನ್ನಿಗಿರುವ ಶಾಸ್ತ್ರವಾದ ರೆಟರಿಕ್‌ನವರ ಅಧ್ಯಯನವಾದ್ದರಿಂದ ಇದು ಅವರ ಅಂಗಳಕ್ಕೆ ಬರಲೇಬೇಕಿತ್ತು.

ಬಂದದ್ದು ಮಾತ್ರ ಒಂದು ಕಹಿ ಪ್ರಸಂಗದ ಬೆನ್ನಿಗೆ. 1994ರಲ್ಲಿ ರಿಚರ್ಡ್ ಮಿಲ್ಲರ್ ‘ಕಾಲೇಜ್ ಇಂಗ್ಲಿಷ್’ನಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಯೊಬ್ಬನ ಪ್ರಬಂಧವನ್ನು ಚರ್ಚೆಗೆ ತಂದರು. ಗೆಳೆಯರ ಜೊತೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದದ್ದು, ಸಲಿಂಗಿಗಳನ್ನು ಹೀಯಾಳಿಸಿದ್ದು, ಬೀದಿಯಲ್ಲಿ ಮಲಗಿದ್ದ ನಿರ್ಗತಿಕನನ್ನು ಹೊಡೆದದ್ದು ಎಲ್ಲವೂ ಅದರಲ್ಲಿತ್ತು. ಅಧ್ಯಾಪಕರು ಅದನ್ನು ಕತೆ ಎಂದು ಪರಿಗಣಿಸಿ ಬಿ ಗ್ರೇಡ್ ಕೊಟ್ಟಿದ್ದರು. ಪೊಲೀಸರಿಗೆ ಒಪ್ಪಿಸಬೇಕಿತ್ತೆ, ಆಪ್ತಸಲಹೆಗೆ ಕಳಿಸಬೇಕಿತ್ತೆ, ಬರೀ ವಾಕ್ಯಗಳನ್ನು ತಿದ್ದಬೇಕಿತ್ತೆ ಎಂದು ಅಧ್ಯಾಪಕರ ವಲಯದಲ್ಲಿ ದೊಡ್ಡ ಜಿಜ್ಞಾಸೆಯೇ ನಡೆಯಿತು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಅದನ್ನು ಬರೆದವನು ತನ್ನ ಓದುಗ ಯಾರೆಂದು ಊಹಿಸಿಕೊಂಡಿದ್ದ? ಹೊಡೆತ ತಿನ್ನುವ ಕಡೆಯವರು ಯಾರೂ ಇದನ್ನು ಓದುವುದಿಲ್ಲ ಎಂಬ ಧೈರ್ಯ ಅವನಿಗೆ ಎಲ್ಲಿಂದ ಬಂತು?

ಮರುವರ್ಷವೇ ಹ್ಯಾರಿಯೆಟ್ ಮ್ಯಾಲಿನೋವಿಟ್ಜ್ ಅವರ ‘ಟೆಕ್ಸ್ಚುವಲ್ ಓರಿಯೆಂಟೇಷನ್ಸ್’ ಹೊರಬಂತು. ಸಲಿಂಗಿ ಬದುಕನ್ನೇ ವಸ್ತುವಾಗಿಟ್ಟುಕೊಂಡ ಬರವಣಿಗೆ ತರಗತಿಗಳನ್ನು ಅವರು ಹತ್ತಿರದಿಂದ ಅಧ್ಯಯನ ಮಾಡಿದ್ದರು. ಅಲ್ಲಿ ಓದುಗರ ಲೆಕ್ಕಾಚಾರವೇ ತಿರುಗುಮುರುಗು. ತನ್ನನ್ನು ವಿವರಿಸಿಕೊಳ್ಳುವ ಹೊರೆ ಸದಾ ಸಲಿಂಗಿ ವಿದ್ಯಾರ್ಥಿಯ ಹೆಗಲ ಮೇಲೇ ಇರಬೇಕಾಗಿಲ್ಲ.

ಆಮೇಲಿನ ಚರ್ಚೆ ಪ್ರಬಂಧದ ಆಕಾರಕ್ಕೇ ಕೈಹಾಕಿತು. 2004ರಲ್ಲಿ ರಾಬರ್ಟ್ ಮೆಕ್ರೂಯರ್, ಓರೆಕೋರೆಯಿಲ್ಲದ ಪ್ರಬಂಧವನ್ನು ಬಯಸುವ ಮನಸ್ಸಿಗೂ ಕುಂದಿಲ್ಲದ ಮೈಯನ್ನು ಬಯಸುವ ಸಮಾಜಕ್ಕೂ ನಂಟಿದೆ ಎಂದರು. 2011ರಲ್ಲಿ ಜೊನಾಥನ್ ಅಲೆಕ್ಸಾಂಡರ್ ಮತ್ತು ಜಾಕ್ವೆಲಿನ್ ರೋಡ್ಸ್ ಇನ್ನೂ ಮುಂದೆ ಹೋದರು: ಕಾಂಪೊಸಿಷನ್ ಅಂದರೆ ಒಪ್ಪವಾಗಿ ಜೋಡಿಸುವುದು, ಕ್ವಿಯರ್ ಆ ಜೋಡಣೆಗೇ ಸಿಗದ್ದು, ಹಾಗಾಗಿ ಇವೆರಡೂ ಕೂಡುವುದೇ ಕಷ್ಟ. ಮಾತು ಸೊಗಸಾಗಿದೆ. ಆದರೆ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗಬೇಕಾದ ಅಧ್ಯಾಪಕಿಗೆ ಅದರಿಂದ ಸಿಗುವುದು ಕಡಿಮೆ. ಈ ಸಾಲಿನಲ್ಲಿ ಒಂದೇ ಪುಸ್ತಕ ಓದುವುದಾದರೆ ಬರವಣಿಗೆ ಕಲಿಸುವವರು ಮ್ಯಾಲಿನೋವಿಟ್ಜ್ ಅವರದನ್ನೇ ಓದಲಿ. ಅಲ್ಲಿ ಸಿದ್ಧಾಂತಕ್ಕಿಂತ ಮೊದಲು ವಿದ್ಯಾರ್ಥಿಗಳಿದ್ದಾರೆ.