ಸೇನೆಯಿಂದ ಕಂದಾಯದ ಕಡತಕ್ಕೆ: ಮಾರ್ಕ್ ಕಬ್ಬನ್
1800ರಲ್ಲಿ ಮದ್ರಾಸ್ ಸೇನೆಗೆ ಕೆಡೆಟ್ ಆಗಿ ಸೇರಿದ ಮಾರ್ಕ್ ಕಬ್ಬನ್, ಪಡೆಗಳಿಗೆ ದವಸ ಮತ್ತು ಸಾಗಣೆಯನ್ನು ಒದಗಿಸುವ ಕಮಿಸೇರಿಯಟ್ ಎಂಬ ರಸದು ಇಲಾಖೆಯಲ್ಲಿ ಪಳಗಿದವರು; 1834ರಿಂದ 1861ರವರೆಗೆ ಅವರು ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದುದರಿಂದ, ಬೆಂಗಳೂರು ವಿಭಾಗಕ್ಕೆ ಸೇರಿದ್ದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳ ಕಂದಾಯವೂ ಒಬ್ಬ ಸೇನಾಧಿಕಾರಿಯ ಮೇಲ್ವಿಚಾರಣೆಗೆ ಬಂತು.

ಅದಕ್ಕೂ ಮುನ್ನ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ನಡೆದ ರೈತರ ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯಲ್ಲಿದ್ದ ಕಬ್ಬನ್, ವಸೂಲಿಯ ಕ್ರಮವೇ ರೈತರನ್ನು ಹೇಗೆ ಕೆರಳಿಸಬಲ್ಲದೆಂಬುದನ್ನು ಹತ್ತಿರದಿಂದ ಬಲ್ಲವರಾಗಿದ್ದರು. ಬೆಳೆಯನ್ನೇ ಸರಕಾರದೊಡನೆ ಪಾಲು ಮಾಡುವ 'ಬಟಾಯಿ' ಪದ್ಧತಿಯಲ್ಲಿ ಕಣದ ರಾಶಿಯ ಅಳತೆ ಅಧಿಕಾರಿಗಳ ಮರ್ಜಿಗೆ ಸಿಕ್ಕುತ್ತಿದ್ದುದರಿಂದ, ಅದರ ಬದಲು ನಗದು ಕಂದಾಯಕ್ಕೆ ಉತ್ತೇಜನ ದೊರೆಯಿತು. ಫಸಲು ಮಾರಿದ ಮೇಲೆ ಕಟ್ಟಲು ಅನುವಾಗುವಂತೆ ಕಂತುಗಳೂ ಬಂದವು. ಊರೂರಿನ ಸರಕಿನ ಮೇಲಿನ 'ಸಾಯರ್' ಸುಂಕವಲ್ಲದೆ, ಮದುವೆ, ಹೆರಿಗೆ, ಮಗುವಿನ ನಾಮಕರಣ, ಕೊನೆಗೆ ಜವಳದ ಮೇಲೂ ತೆರಿಗೆ ಇದ್ದ ಕಾಲವದು (ತಲೆ ಬೋಳಿಸಿಕೊಳ್ಳುವುದಕ್ಕೂ ತೆರಬೇಕಿತ್ತೆಂದರೆ ಖಜಾನೆಯ ಹಸಿವನ್ನು ಊಹಿಸಬಹುದು). ಇಂಥ 769 ಚಿಲ್ಲರೆ ಬಾಬುಗಳನ್ನು ರದ್ದುಮಾಡಿದ್ದು ಕಬ್ಬನ್ ಆಡಳಿತದ ನಿಜವಾದ ಸಾಧನೆ.

ಆದರೂ ಇದು ಮೈಸೂರಿನ ಅರಸರನ್ನು ಬದಿಗಿರಿಸಿದ ಬ್ರಿಟಿಷರ ಪರಕೀಯ ಆಡಳಿತವೇ ಆಗಿತ್ತು. 1861ರಲ್ಲಿ ಹುದ್ದೆ ತೊರೆದು ಸ್ವದೇಶಕ್ಕೆ ಹೊರಟ ಕಬ್ಬನ್, ದಾರಿಯಲ್ಲಿ ಸೂಯೆಜ್‌ನಲ್ಲಿ ನಿಧನರಾದರು.